ಇತಿಹಾಸದ ಆರ್‌ಟಿಎಸ್ ಗೇಮ್ ಕೊಳ್ಳಬೇಕೇ, ಬೇಡವೇ? ದುಡ್ಡು ಕಟ್ಟುವ ಮೊದಲು ಮಾಡುವ ಪರೀಕ್ಷೆಗಳು, ಕಟ್ಟಿದ ಮೇಲಿನ ಎರಡು ಗಂಟೆ

'ಏಜ್ ಆಫ್ ಎಂಪೈರ್ಸ್ 2: ಡೆಫಿನಿಟಿವ್ ಎಡಿಷನ್' ಗೇಮ್‌ಗೆ 2022ರ ಏಪ್ರಿಲ್‌ನಲ್ಲಿ 'ಡೈನಾಸ್ಟೀಸ್ ಆಫ್ ಇಂಡಿಯಾ' ಎಂಬ ಪ್ಯಾಕ್ ಬಂತು. ದ್ರಾವಿಡರು, ಬಂಗಾಳಿಗಳು, ಗುರ್ಜರರು ಎಂಬ ಹೊಸ ನಾಗರಿಕತೆಗಳು (ಆಟಗಾರ ಆರಿಸಿಕೊಳ್ಳುವ ಪಕ್ಷಗಳು) ಸೇರಿದವು. ರಾಜೇಂದ್ರ ಚೋಳನ ಹೆಸರಿನಲ್ಲೇ ಒಂದು ಕ್ಯಾಂಪೇನ್ (ಕಥೆಯಂತೆ ಸಾಲಾಗಿ ಬರುವ ಸನ್ನಿವೇಶಗಳು) ಬಂತು. ನಮ್ಮ ಕಡೆಯ ರಾಜರು, ಆನೆಗಳು, ಹಡಗುಗಳು ಪರದೆಯ ಮೇಲೆ ಓಡಾಡುವುದನ್ನು ಕಂಡರೆ ಯಾರಿಗಾದರೂ ಕೈ ಕಾರ್ಡಿನತ್ತ ಹೋಗುತ್ತದೆ. ಆದರೆ ಇಂಥ ಆರ್‌ಟಿಎಸ್ ಗೇಮ್ (ರಿಯಲ್ ಟೈಮ್ ಸ್ಟ್ರಾಟಜಿ, ಅಂದರೆ ಸರದಿಗೆ ಕಾಯದೆ ಎಲ್ಲರೂ ಒಂದೇ ಹೊತ್ತಿಗೆ ಊರು ಕಟ್ಟಿ ಯುದ್ಧ ಮಾಡುವ ಆಟ) ನಿಮ್ಮ ಕಂಪ್ಯೂಟರಿನಲ್ಲಿ ಆರು ತಿಂಗಳು ಉಳಿಯುತ್ತದೋ, ಎರಡನೇ ವಾರಕ್ಕೇ ಮೂಲೆ ಸೇರುತ್ತದೋ ಎಂಬುದು ರಾಜರ ಮೇಲೆ ನಿಂತಿಲ್ಲ. ಪ್ರತಿ ಪಂದ್ಯದ ಮೊದಲ ಹತ್ತು ನಿಮಿಷ ನೀವು ಮಾಡುವ ಕೆಲಸ, ಅಂದರೆ ಕುರಿ ಹುಡುಕುವುದು, ಮರ ಕಡಿಸುವುದು, ಮನೆ ಕಟ್ಟಿಸುವುದು, ನಿಮಗೆ ಹಿಡಿಸುತ್ತದೆಯೇ? ಕಲಿತ ಮೇಲೆ ಯಾರ ಜೊತೆ ಆಡುತ್ತೀರಿ? ಈ ಎರಡಕ್ಕೆ ಉತ್ತರ ಸಿಕ್ಕರೆ ಕೊಳ್ಳುವ ತೀರ್ಮಾನ ಮುಕ್ಕಾಲು ಪಾಲು ಮುಗಿದಂತೆ. ಉತ್ತರ ಕಂಡುಕೊಳ್ಳುವ ಹಂತಗಳು ಇಲ್ಲಿವೆ. ಮುಖ್ಯ ಉದಾಹರಣೆಯಾಗಿ ಏಜ್ ಆಫ್ ಎಂಪೈರ್ಸ್ 2 ಅನ್ನೇ ಇಟ್ಟುಕೊಂಡಿದ್ದೇವೆ. ಇದೇ ಕ್ರಮ ಬೇರೆ ಆಟಗಳಿಗೂ ಹೊಂದುತ್ತದೆ.

ಹಂತ 1: ಮೊದಲು ಪುಕ್ಕಟೆ ಆಟದಲ್ಲಿ ಕೈ ಆಡಿಸಿ

ಆರ್‌ಟಿಎಸ್ ಎಂಬ ಬಗೆಯೇ ನಿಮಗೆ ಹೊಸದಾಗಿದ್ದರೆ ಒಂದು ರೂಪಾಯಿಯನ್ನೂ ಈಗ ಖರ್ಚು ಮಾಡಬೇಡಿ. 'ಝೀರೋ ಎ.ಡಿ.' ಎಂಬ ಆಟವನ್ನು ಇಳಿಸಿಕೊಳ್ಳಿ. ವೈಲ್ಡ್‌ಫೈರ್ ಗೇಮ್ಸ್ ಎಂಬ ಸ್ವಯಂಸೇವಕರ ತಂಡ ಮಾಡಿರುವ ಓಪನ್ ಸೋರ್ಸ್ ಆಟ ಇದು. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ಕ್ರಿಸ್ತಪೂರ್ವ ಕಾಲದ ಗ್ರೀಕರು, ರೋಮನ್ನರು, ಪರ್ಷಿಯನ್ನರ ಜೊತೆಗೆ ಮೌರ್ಯರೂ ಇದ್ದಾರೆ. ಚಂದ್ರಗುಪ್ತ, ಅಶೋಕ, ಚಾಣಕ್ಯರು ನಾಯಕರಾಗಿ ಸಿಗುತ್ತಾರೆ. ಮೌರ್ಯರಿಗೆ ಕೆಲಸದ ಆನೆ ಎಂಬ ಪ್ರಾಣಿ ಇದೆ. ಕಡಿದ ಮರ, ಅಗೆದ ಕಲ್ಲನ್ನು ಊರಿಗೆ ಹೊತ್ತು ತರುವ ಬದಲು ಅದರ ಬಳಿಯೇ ಇಳಿಸಬಹುದು. ಅಶೋಕನ ಶಾಸನಸ್ತಂಭವನ್ನೂ ಕಟ್ಟಿಸಬಹುದು. (ಅಶೋಕನೆಂಬ ಹೆಸರು ಶಾಸನದಲ್ಲಿ ಸ್ಪಷ್ಟವಾಗಿ ಸಿಕ್ಕಿದ್ದು 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಅದನ್ನು ಬಲ್ಲವರಿಗೆ ಆ ಕಂಬ ಎಬ್ಬಿಸುವಾಗ ಬೇರೆಯೇ ಖುಷಿ.)

ಮೊದಲು ಟ್ಯುಟೋರಿಯಲ್, ಆಮೇಲೆ ಕಂಪ್ಯೂಟರ್ ಎದುರಾಳಿಯನ್ನು 'ಈಸಿ'ಗೆ ಇಟ್ಟು ಮೂರು ಪಂದ್ಯ ಆಡಿ. ಗೆದ್ದಿರೋ ಸೋತಿರೋ ಮುಖ್ಯವಲ್ಲ. ಒಂದೇ ಹೊತ್ತಿನಲ್ಲಿ ಊರೂ ಬೆಳೆಯಬೇಕು, ದಂಡೂ ತಯಾರಾಗಬೇಕು, ಶತ್ರು ಎಲ್ಲಿದ್ದಾನೆಂದು ನೋಡಿಯೂ ಬರಬೇಕು. ಈ ಒತ್ತಡ ನಿಮಗೆ ಹುರುಪು ಕೊಡುತ್ತದೋ, ದಣಿವು ತರುತ್ತದೋ ಎಂಬುದನ್ನು ಗಮನಿಸಿ. ದಣಿವೇ ಹೆಚ್ಚಾಯಿತು, ಯೋಚಿಸಲು ಸಮಯವೇ ಸಿಗಲಿಲ್ಲ ಅನಿಸಿದರೆ ನಿಮಗೆ ಬೇಕಾದದ್ದು ಸರದಿಯ ಮೇಲೆ ಆಡುವ ಆಟ. ಎಷ್ಟೇ ಚೆಂದದ ಆರ್‌ಟಿಎಸ್ ಕೊಂಡರೂ ಅದು ಬದಲಾಗುವುದಿಲ್ಲ.

ಒಂದು ಎಚ್ಚರಿಕೆ. ಝೀರೋ ಎ.ಡಿ.ಯಲ್ಲಿ ನೂರಾರು ಸೈನಿಕರು ಸೇರಿದಾಗ ಆಟ ತೊದಲುತ್ತದೆ. ಅದನ್ನು ನೋಡಿ 'ನನ್ನ ಲ್ಯಾಪ್‌ಟಾಪ್‌ಗೆ ಈ ಬಗೆಯ ಆಟವೇ ಆಗದು' ಎಂದುಕೊಳ್ಳಬೇಡಿ. ಅದು ಬಹುಮಟ್ಟಿಗೆ ಆ ಆಟದ್ದೇ ಮಿತಿ.

'ಏಜ್ ಆಫ್ ಎಂಪೈರ್ಸ್ 3: ಡೆಫಿನಿಟಿವ್ ಎಡಿಷನ್'ಗೂ 2023ರಲ್ಲಿ ಪುಕ್ಕಟೆ ಪ್ರಯೋಗದ ಆವೃತ್ತಿ ಬಂದಿದೆ. ಆಗಾಗ ಬದಲಾಗುವ ಕೆಲವೇ ನಾಗರಿಕತೆಗಳನ್ನು ಅದರಲ್ಲಿ ಆಡಬಹುದು. ಬಂದೂಕಿನ ಕಾಲದ ಯುದ್ಧ ಇಷ್ಟವಿದ್ದವರು ಅಲ್ಲಿಂದಲೇ ಶುರುಮಾಡಬಹುದು.

ಹಂತ 2: ನೀವು ಅಂದುಕೊಂಡ ಬಗೆಯ ಆಟವೇ ಹೌದೇ?

ಇತಿಹಾಸದ ಯುದ್ಧದ ಆಟಗಳೆಲ್ಲ ಒಂದೇ ಅಲ್ಲ. ಟ್ರೈಲರ್ ನೋಡಿದರೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ, ಏಕೆಂದರೆ ಎಲ್ಲ ಟ್ರೈಲರ್‌ಗಳಲ್ಲೂ ಕೋಟೆ ಬೀಳುತ್ತದೆ, ಕುದುರೆ ಓಡುತ್ತದೆ.

ಏಜ್ ಆಫ್ ಎಂಪೈರ್ಸ್ ಬಗೆಯಲ್ಲಿ ಶೂನ್ಯದಿಂದ ಊರು ಕಟ್ಟಿ, ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಗೆದ್ದು ಇಲ್ಲವೇ ಸೋತು ಎದ್ದು ಹೋಗಬಹುದು. 'ಟೋಟಲ್ ವಾರ್' ಸರಣಿಯ ದಾರಿಯೇ ಬೇರೆ. ನಕ್ಷೆಯ ಮೇಲೆ ರಾಜ್ಯಭಾರ, ತೆರಿಗೆ, ರಾಯಭಾರ ಎಲ್ಲ ಸರದಿಯ ಮೇಲೆ ನಡೆಯುತ್ತವೆ. ಕಾಳಗ ಬಂದಾಗ ಮಾತ್ರ ಆಟ ನಿಜ ಸಮಯಕ್ಕೆ ಇಳಿಯುತ್ತದೆ, ಅಲ್ಲಿ ಊರು ಕಟ್ಟುವ ಮಾತಿಲ್ಲ. ಒಂದು ಕ್ಯಾಂಪೇನ್ ವಾರಗಟ್ಟಲೆ ಎಳೆಯುತ್ತದೆ. 2009ರ 'ಎಂಪೈರ್: ಟೋಟಲ್ ವಾರ್'ನಲ್ಲಿ ಮರಾಠರನ್ನು ಆರಿಸಿಕೊಂಡು ಆಡಬಹುದು. ಅದರ ಭಾರತದ ನಕ್ಷೆಯಲ್ಲಿ ಮೊಘಲರ ಜೊತೆ ಮೈಸೂರೂ ಕಾಣಿಸಿಕೊಳ್ಳುತ್ತದೆ. ಅದಕ್ಕಾಗಿಯೇ ಕೊಳ್ಳುವ ಮನಸ್ಸಾದರೆ, ಅದು ನಕ್ಷೆಯ ಮುಂದೆ ಕೂತು ಲೆಕ್ಕ ಹಾಕುವ ಆಟ ಎಂಬುದು ನೆನಪಿರಲಿ. 'ಮೇನರ್ ಲಾರ್ಡ್ಸ್'ನಂಥವು ಮೂರನೆಯ ಬಗೆ. ಅಲ್ಲಿ ಮಧ್ಯಯುಗದ ಊರು ಬೆಳೆಸುವುದೇ ಮುಖ್ಯ, ಯುದ್ಧ ಪಕ್ಕವಾದ್ಯ. 2024ರ ಏಪ್ರಿಲ್‌ನಲ್ಲಿ ಅರ್ಲಿ ಆಕ್ಸೆಸ್‌ಗೆ (ಆಟ ಪೂರ್ತಿಯಾಗುವ ಮೊದಲೇ ಮಾರುವ ಹಂತ) ಬರುವ ಮುನ್ನ ಅದರ ತಯಾರಕರೇ 'ಇದು ಟೋಟಲ್ ವಾರ್‌ಗೆ ಎದುರಾಳಿಯಲ್ಲ' ಎಂದು ಮುಂಚಿತವಾಗಿ ಹೇಳಬೇಕಾಯಿತು.

ಇನ್ನೊಂದು ಗೊಂದಲ ಮೊಬೈಲಿನದು. 'ಏಜ್ ಆಫ್ ಎಂಪೈರ್ಸ್ ಮೊಬೈಲ್' ಹೆಸರಿಗೆ ಮಾತ್ರ ನೆಂಟ. ಆಟದೊಳಗೇ ಹಣ ತೆರುತ್ತಾ ಹೋಗುವ ಬೇರೆ ಬಗೆ ಅದು. ಅದನ್ನು ಆಡಿ ನೋಡಿ ಪಿಸಿ ಆಟದ ಬಗ್ಗೆ ತೀರ್ಮಾನಕ್ಕೆ ಬರಬೇಡಿ.

ಹಂತ 3: ಯಾರ ಜೊತೆ ಆಡುತ್ತೀರಿ?

ಒಬ್ಬರೇ ಕ್ಯಾಂಪೇನ್ ಆಡುವವರಿಗೆ ಹಳೆಯ ಆಟವೇ ಲಾಭ. ಏಜ್ ಆಫ್ ಎಂಪೈರ್ಸ್ 2ರ ಮೂಲ ಆಟ 1999ರದು. 2019ರ ನವೆಂಬರ್‌ನಲ್ಲಿ ಡೆಫಿನಿಟಿವ್ ಎಡಿಷನ್ ಬಂದಾಗಲೇ ಅದರಲ್ಲಿ 35 ನಾಗರಿಕತೆಗಳಿದ್ದವು. ಸಲಾದಿನ್, ಜೋನ್ ಆಫ್ ಆರ್ಕ್, ಚೆಂಗೀಸ್ ಖಾನ್, ಬಾರ್ಬರೋಸಾ ಇವರ ಕ್ಯಾಂಪೇನ್‌ಗಳು ಮೂಲ ಆಟದಲ್ಲೇ ಇವೆ. ಸಂಜೆಗೊಂದು ಸನ್ನಿವೇಶ ಆಡಿದರೂ ತಿಂಗಳುಗಟ್ಟಲೆ ಸಾಕು. 2021ರ 'ಏಜ್ ಆಫ್ ಎಂಪೈರ್ಸ್ 4' ಬಂದಾಗ 8 ನಾಗರಿಕತೆ, 4 ಕ್ಯಾಂಪೇನ್ ಮಾತ್ರ. ಆದರೆ ಅದರ ಕ್ಯಾಂಪೇನ್‌ಗಳ ನಡುವೆ ಬರುವ ಸಾಕ್ಷ್ಯಚಿತ್ರದಂಥ ತುಣುಕುಗಳು, ಇವತ್ತಿನ ಊರುಗಳ ಮೇಲೆ ಅಂದಿನ ಸೈನ್ಯ ಮೂಡಿಬರುವ ದೃಶ್ಯಗಳು, ಇತಿಹಾಸಪ್ರಿಯರಿಗೆ ಹಬ್ಬ. ಮಕ್ಕಳ ಜೊತೆ ಕೂತು ನೋಡಲು ಇದಕ್ಕಿಂತ ಒಳ್ಳೆಯದು ಈ ಬಗೆಯಲ್ಲಿ ಇನ್ನೊಂದಿಲ್ಲ.

ಗೆಳೆಯರ ಜೊತೆ ಆಡುವವರು ಗೆಳೆಯರ ಬಳಿ ಇರುವ ಆಟವನ್ನೇ ಕೊಳ್ಳಿ. ಬೇರೆ ಯಾವ ವಿಮರ್ಶೆಯೂ ಇದಕ್ಕಿಂತ ತೂಕದ್ದಲ್ಲ. ಬೆಂಗಳೂರಲ್ಲಿ ಇಬ್ಬರು, ಡಲ್ಲಾಸ್‌ನಲ್ಲೊಬ್ಬರು ಇದ್ದರೆ ಎಲ್ಲರಿಗೂ ಹೊಂದುವ ಒಂದು ವಾರದ ದಿನ, ಒಂದು ಗಂಟೆ ಇದೆಯೇ ಎಂದು ಕೊಳ್ಳುವ ಮೊದಲೇ ಮಾತಾಡಿಕೊಳ್ಳಿ. ಅದು ಹೊಂದದಿದ್ದರೆ ಮಲ್ಟಿಪ್ಲೇಯರ್‌ಗೆಂದು ಕೊಡುವ ದುಡ್ಡು ವ್ಯರ್ಥ.

ಅಪರಿಚಿತರ ಜೊತೆ ರ‍್ಯಾಂಕ್ ಪಂದ್ಯ ಆಡುವ ಆಸೆಯವರು ಆಟಗಾರರ ಸಂಖ್ಯೆ ನೋಡಬೇಕು. ಸ್ಟೀಮ್ ಎಂಬುದು ಪಿಸಿ ಆಟಗಳ ಆನ್‌ಲೈನ್ ಅಂಗಡಿ. ಅದರ ಅಂಕಿಅಂಶ ತೋರಿಸುವ 'ಸ್ಟೀಮ್‌ಡಿಬಿ' ತಾಣದಲ್ಲಿ ಯಾವುದೇ ಆಟವನ್ನು ಈ ಹೊತ್ತಿಗೆ ಎಷ್ಟು ಜನ ಆಡುತ್ತಿದ್ದಾರೆ, ವರ್ಷದ ಏರಿಳಿತ ಹೇಗಿದೆ ಎಂಬುದು ಸಿಗುತ್ತದೆ. ನೋಡಬೇಕಾದ್ದು ಬಿಡುಗಡೆಯ ದಿನದ ಶಿಖರವನ್ನಲ್ಲ, ನೀವು ಆಡುವ ಹೊತ್ತಿನ, ಅಂದರೆ ಭಾರತದ ರಾತ್ರಿ 9ರಿಂದ 11ರ ಅಂಕಿಯನ್ನು. ಆ ಹೊತ್ತಿಗೆ ಕೆಲವೇ ನೂರು ಜನ ಇದ್ದರೆ ನಿಮ್ಮ ಮಟ್ಟದ ಎದುರಾಳಿ ಸಿಗುವುದು ಕಷ್ಟ. ಹತ್ತು ವರ್ಷ ಪಳಗಿದವರ ಕೈಗೆ ಸಿಕ್ಕಿ ಮೂರೇ ದಿನಕ್ಕೆ ಬೇಸರವಾಗುತ್ತದೆ.

ಹಂತ 4: ಯಂತ್ರ ತಡೆಯುತ್ತದೆಯೇ?

ಏಜ್ ಆಫ್ ಎಂಪೈರ್ಸ್ 2 ಡೆಫಿನಿಟಿವ್ ಎಡಿಷನ್‌ಗೆ ಕನಿಷ್ಠ 4 ಜಿಬಿ ರ‍್ಯಾಮ್, ಚೆನ್ನಾಗಿ ಓಡಲು 8 ಜಿಬಿ, 64 ಬಿಟ್ ವಿಂಡೋಸ್ 10, ಸುಮಾರು 30 ಜಿಬಿ ಜಾಗ ಬೇಕೆಂದು ತಯಾರಕರು ಹೇಳಿದ್ದಾರೆ. ಏಜ್ ಆಫ್ ಎಂಪೈರ್ಸ್ 4ಕ್ಕೆ ಕನಿಷ್ಠವೇ 8 ಜಿಬಿ ರ‍್ಯಾಮ್, 50 ಜಿಬಿ ಜಾಗ. ಹೆಚ್ಚಿನವರು ಎಡವುವುದು ಗ್ರಾಫಿಕ್ಸ್ ಕಾರ್ಡಿನ ಲೆಕ್ಕದಲ್ಲಿ. ಈ ಬಗೆಯ ಆಟದಲ್ಲಿ ಮೊದಲು ಬಳಲುವುದು ಪ್ರೊಸೆಸರ್. ನೂರಾರು ಜನ ಯಾವ ದಾರಿಯಲ್ಲಿ ನಡೆಯಬೇಕು, ಯಾರಿಗೆ ಹೊಡೆಯಬೇಕು ಎಂಬ ಲೆಕ್ಕವೆಲ್ಲ ಅದರ ಮೇಲೆ, ಅದೂ ಬಹುಪಾಲು ಒಂದೇ ಕೋರ್ ಮೇಲೆ ಬೀಳುತ್ತದೆ. ಹಾಗಾಗಿ ಮೊದಲ ಅರ್ಧ ಗಂಟೆ ನೀರು ಕುಡಿದಷ್ಟು ಸಲೀಸಾಗಿ ನಡೆದ ಆಟ, ಎಂಟು ಆಟಗಾರರ ದಂಡುಗಳು ಒಂದೆಡೆ ಸೇರಿದಾಗ ತೆವಳುತ್ತದೆ.

ಆನ್‌ಲೈನ್‌ನಲ್ಲಿ ಇದು ನಿಮ್ಮೊಬ್ಬರ ಕಷ್ಟವಾಗಿ ಉಳಿಯುವುದಿಲ್ಲ. ಆಟಗಾರರ ಯಂತ್ರಗಳೆಲ್ಲ ಒಂದೇ ಲೆಕ್ಕವನ್ನು ಹೆಜ್ಜೆಗೆ ಹೆಜ್ಜೆ ಕೂಡಿಸಿ ಮಾಡುತ್ತವೆ, ನೆಟ್‌ವರ್ಕ್‌ನಲ್ಲಿ ಹರಿಯುವುದು ನಿಮ್ಮ ಆಜ್ಞೆಗಳು ಮಾತ್ರ. ಒಂದು ಯಂತ್ರ ಹಿಂದೆ ಬಿದ್ದರೆ ಉಳಿದ ಏಳು ಅದಕ್ಕಾಗಿ ಕಾಯುತ್ತವೆ. ನಿಧಾನದ ಲ್ಯಾಪ್‌ಟಾಪ್ ಇದ್ದವರು ಒಬ್ಬರೇ ಆಡುವುದಕ್ಕೆ, ಇಲ್ಲವೇ ಒಬ್ಬರೆದುರು ಒಬ್ಬರ ಪಂದ್ಯಕ್ಕೆ ಎಂದೇ ಲೆಕ್ಕ ಹಾಕಿ ಕೊಳ್ಳಬೇಕು.

ಕಂಪ್ಯೂಟರಿನಲ್ಲಿ ಮೌಸ್ ಇಲ್ಲದೆ ಇದನ್ನು ಆಡುವುದು ಕಷ್ಟ. ಟಚ್‌ಪ್ಯಾಡ್‌ನಲ್ಲಿ ಪ್ರಯತ್ನಿಸಿ 'ಆಟ ಚೆನ್ನಾಗಿಲ್ಲ' ಎನ್ನುವುದು ಆಟಕ್ಕೆ ಮಾಡುವ ಅನ್ಯಾಯ. ಮ್ಯಾಕ್‌ಗೆ ಏಜ್ ಆಫ್ ಎಂಪೈರ್ಸ್ 2 ಡೆಫಿನಿಟಿವ್ ಎಡಿಷನ್ ಇಲ್ಲ. ಎಕ್ಸ್‌ಬಾಕ್ಸ್‌ಗೆ 2023ರಲ್ಲಿ, ಪ್ಲೇಸ್ಟೇಷನ್ 5ಕ್ಕೆ 2025ರಲ್ಲಿ ಬಂದಿದೆ. ಕನ್ನಡದ ಮೆನು ಯಾವುದರಲ್ಲೂ ಇಲ್ಲ.

ಹಂತ 5: ವಿಮರ್ಶೆಗಳನ್ನು ಓದುವ ಕ್ರಮ

ಸ್ಟೀಮ್‌ನಲ್ಲಿ ಒಟ್ಟು ಶೇಕಡಾವಾರು ನೋಡಿ ಮುಂದೆ ಹೋಗಬೇಡಿ. ಕಳೆದ 30 ದಿನಗಳ ವಿಮರ್ಶೆಯನ್ನು ಬೇರೆಯಾಗಿ ನೋಡಿ. ಆಮೇಲೆ ಮೆಚ್ಚದವರ ವಿಮರ್ಶೆ ಮಾತ್ರ ಆರಿಸಿ, ಅವರು ಆಡಿದ ಗಂಟೆಗಳ ಪ್ರಕಾರ ಎರಡು ಗುಂಪು ಮಾಡಿಕೊಳ್ಳಿ. 5ರಿಂದ 20 ಗಂಟೆ ಆಡಿ ಬಿಟ್ಟವರು ಹೊಸಬರಿಗೆ ಏನು ತೊಡಕು ಎಂಬುದನ್ನು ಹೇಳುತ್ತಾರೆ. ನೂರಾರು ಗಂಟೆ ಆಡಿ ಸಿಟ್ಟಾದವರ ದೂರು ಸಾಮಾನ್ಯವಾಗಿ ಇತ್ತೀಚಿನ ಪ್ಯಾಚ್ (ದೋಷ ತಿದ್ದುವ ಅಪ್‌ಡೇಟ್), ರ‍್ಯಾಂಕ್ ಪಂದ್ಯ, ಹೊಸ ಡಿಎಲ್‌ಸಿ (ಬೇರೆಯಾಗಿ ಮಾರುವ ಹೆಚ್ಚುವರಿ ಪ್ಯಾಕ್) ಇವುಗಳ ಮೇಲೆ. ಕ್ಯಾಂಪೇನ್ ಆಡಲು ಹೊರಟವರಿಗೆ ಆ ಎರಡನೆಯ ಗುಂಪಿನ ಸಿಟ್ಟು ಬಹುತೇಕ ಸಂಬಂಧವಿಲ್ಲದ್ದು. ಆದರೆ ಎರಡೂ ಗುಂಪಿನಲ್ಲಿ ಒಂದೇ ದೂರು ಕೇಳಿಬಂದರೆ, ಉದಾಹರಣೆಗೆ ಆಟ ಮಧ್ಯದಲ್ಲಿ ಮುಚ್ಚಿಹೋಗುವುದು, ಸೈನಿಕರು ದಾರಿ ತಪ್ಪಿ ಗೋಡೆಗೆ ಸಿಕ್ಕಿಕೊಳ್ಳುವುದು, ಉಳಿಸಿದ ಪಂದ್ಯ ತೆರೆಯದಿರುವುದು, ಆಗ ಎರಡು ಪ್ಯಾಚ್ ಕಳೆಯುವವರೆಗೆ ಕಾಯಿರಿ.

ಬಿಡುಗಡೆಯ ದಿನವೇ ಕೊಳ್ಳುವುದು ಈ ಬಗೆಯಲ್ಲಿ ಯಾವತ್ತೂ ಲಾಭದ್ದಲ್ಲ. 'ಟೋಟಲ್ ವಾರ್: ರೋಮ್ 2' 2013ರ ಸೆಪ್ಟೆಂಬರ್‌ನಲ್ಲಿ ಬಂದಾಗ ದೋಷಗಳ ಕಂತೆಯಾಗಿತ್ತು. ಪ್ಯಾಚ್ ಮೇಲೆ ಪ್ಯಾಚ್ ಬಂದು, ಮರುವರ್ಷ 'ಎಂಪರರ್ ಎಡಿಷನ್' ಪುಕ್ಕಟೆ ಅಪ್‌ಡೇಟ್ ಬಂದ ಮೇಲೆ ಒಳ್ಳೆಯ ಆಟವಾಯಿತು. ಒಂದು ವರ್ಷ ತಡೆದವರಿಗೆ ಅಗ್ಗದ ಬೆಲೆಗೆ ಸರಿಹೋದ ಆಟ ಸಿಕ್ಕಿತು. ಹಾಗೆಯೇ ತಯಾರಕರು ಆಟದ ಕೈಬಿಟ್ಟಿದ್ದಾರೆಯೇ ಎಂದೂ ನೋಡಿ. 2019ರ 'ಟೋಟಲ್ ವಾರ್: ತ್ರೀ ಕಿಂಗ್‌ಡಮ್ಸ್'ಗೆ ಹೊಸ ವಿಷಯ ಸೇರಿಸುವುದನ್ನು 2021ರಲ್ಲೇ ನಿಲ್ಲಿಸಿದರು. ಇರುವಷ್ಟೇ ಸಾಕೆನ್ನುವವರಿಗೆ ಇದರಿಂದ ತೊಂದರೆಯಿಲ್ಲ, ಮುಂದೆ ಸರಿಹೋದೀತು ಎಂದು ನಂಬಿ ಕೊಳ್ಳುವವರಿಗೆ ಇದೆ. ಕಳೆದ ಆರು ತಿಂಗಳ ಪ್ಯಾಚ್ ಪಟ್ಟಿ ಸ್ಟೀಮ್ ಪುಟದ ಸುದ್ದಿ ವಿಭಾಗದಲ್ಲೇ ಇರುತ್ತದೆ.

ಹಂತ 6: ಇತಿಹಾಸಕ್ಕಾಗಿ ಕೊಳ್ಳುವವರು ಇದನ್ನು ಓದಿ

ದ್ರಾವಿಡರು ಎಂಬ ಒಂದೇ ಹೆಸರಿನಡಿ ಚೋಳರು, ಚಾಲುಕ್ಯರು, ಹೊಯ್ಸಳರು, ವಿಜಯನಗರದವರು ಎಲ್ಲರನ್ನೂ ತುಂಬಿದ್ದಾರೆ. ಹಳ್ಳಿಗರು ಉತ್ತರಿಸುವುದು ತಮಿಳಿನಲ್ಲಿ. ಕನ್ನಡ ಕೇಳಬಹುದೆಂಬ ಆಸೆಯಿಂದ ಆ ಪ್ಯಾಕ್ ಕೊಳ್ಳಬೇಡಿ, ನಿರಾಸೆಯಾಗುತ್ತದೆ. ಅವರ ವಿಶೇಷ ಯೋಧ ಉರುಮಿ ಎಂಬ ಬಳುಕುವ ಕತ್ತಿ ಹಿಡಿದವನು, ವಿಶೇಷ ಹಡಗು ತಿರಿಸಡೈ. ಬಾರಕ್ಸ್‌ನ (ಕಾಲಾಳುಗಳನ್ನು ತಯಾರಿಸುವ ಕಟ್ಟಡ) ಸಂಶೋಧನೆಗಳು ಅರ್ಧ ಬೆಲೆಗೆ ಸಿಗುತ್ತವೆ, ಪ್ರತಿ ಹೊಸ ಯುಗಕ್ಕೆ ಏರಿದಾಗ 200 ಮರ ಬರುತ್ತದೆ. ದಕ್ಷಿಣದ ಹೆಸರಾಂತ ಉಕ್ಕಿಗೂ 'ವೂಟ್ಜ್ ಸ್ಟೀಲ್' ಎಂಬ ವಿಶೇಷ ಸಂಶೋಧನೆಯ ರೂಪದಲ್ಲಿ ಜಾಗ ಸಿಕ್ಕಿದೆ. ಗೋಡೆ ಒಡೆಯುವ ದಿಮ್ಮಿಯ ಬದಲು ಕವಚ ತೊಟ್ಟ ಆನೆ ಬಾಗಿಲು ಮುರಿಯುತ್ತದೆ. ಇದೆಲ್ಲ ಸೊಗಸು.

ಆದರೆ ಅವರ ಕುದುರೆ ಪಡೆ ಬಹಳ ದುರ್ಬಲ, ನೈಟ್ ಎಂಬ ಭಾರಿ ಸವಾರನೇ ಇಲ್ಲ. ದಖನ್ನಿನಲ್ಲಿ ಒಳ್ಳೆಯ ಕುದುರೆ ಹುಟ್ಟುತ್ತಿರಲಿಲ್ಲ ಎಂಬುದು ನಿಜ. ಅದಕ್ಕಾಗಿಯೇ ವಿಜಯನಗರದ ಅರಸರು ಭಟ್ಕಳದಂಥ ಬಂದರುಗಳ ಮೂಲಕ ಅರಬ್ ಕುದುರೆಗಳನ್ನು ದುಬಾರಿ ಬೆಲೆಗೆ ತರಿಸಿ ಅಶ್ವದಳ ಕಟ್ಟಿದರು. ಹಂಪಿಯ ಕಾಲವನ್ನು ಈ ಆಟದಲ್ಲಿ ಮರುಸೃಷ್ಟಿಸುವ ಆಸೆಯಿದ್ದವರಿಗೆ ಈ ಕೊರತೆ ಚುಚ್ಚುತ್ತದೆ. ರಾಜೇಂದ್ರ ಚೋಳನ 1025ರ ಶ್ರೀವಿಜಯದ ನೌಕಾಯಾತ್ರೆ ಇಷ್ಟವಿದ್ದವರಿಗೆ ಅದೇ ಪ್ಯಾಕ್ ಸರಿಯಾಗಿ ಕೂರುತ್ತದೆ, ಏಕೆಂದರೆ ಹಡಗು ಮತ್ತು ಕಾಲಾಳುಗಳ ಸುತ್ತಲೇ ಈ ನಾಗರಿಕತೆಯನ್ನು ಹೆಣೆದಿದ್ದಾರೆ.

ಬೇರೆ ಆಟಗಳಿಗೂ ಇದೇ ಪ್ರಶ್ನೆ ಹಾಕಿ: ಇತಿಹಾಸ ಬರೀ ವೇಷದಲ್ಲಿದೆಯೋ, ಆಡುವ ರೀತಿಯಲ್ಲೂ ಇದೆಯೋ? ಏಜ್ ಆಫ್ ಎಂಪೈರ್ಸ್ 4ರ ದೆಹಲಿ ಸುಲ್ತಾನರಿಗೆ ಸಂಶೋಧನೆಗಳೆಲ್ಲ ಪುಕ್ಕಟೆ, ಆದರೆ ನಿಧಾನ. ವಿದ್ವಾಂಸರನ್ನು ಮಸೀದಿಯಲ್ಲಿ ಇರಿಸಿದಷ್ಟೂ ವೇಗ ಹೆಚ್ಚುತ್ತದೆ. ಏಜ್ ಆಫ್ ಎಂಪೈರ್ಸ್ 3ರ ಭಾರತೀಯರ ಹಳ್ಳಿಗರಿಗೆ ಆಹಾರದ ಬದಲು ಮರ ತೆರಬೇಕು. ಇಂಥ ಒಂದು ನಿಯಮ ಇಡೀ ಪಂದ್ಯದ ಲಯವನ್ನೇ ಬದಲಿಸುತ್ತದೆ. ಕಟ್ಟಡದ ಚಿತ್ರ ಮಾತ್ರ ಬದಲಾಗಿದ್ದರೆ ಮೂರನೇ ಪಂದ್ಯದ ಹೊತ್ತಿಗೆ ಅದು ಕಣ್ಣಿಗೂ ಬೀಳುವುದಿಲ್ಲ.

ಹಂತ 7: ಬೆಲೆ ಮತ್ತು ಪ್ಯಾಕ್

ಪೂರ್ತಿ ಬೆಲೆಗೆ ಕೊಳ್ಳುವ ಅಗತ್ಯ ಬಹಳ ಅಪರೂಪ. ಸ್ಟೀಮ್‌ನಲ್ಲಿ ಜೂನ್ ಕೊನೆಯ ಬೇಸಿಗೆ ಸೇಲ್, ಡಿಸೆಂಬರ್ ಕೊನೆಯ ಚಳಿಗಾಲದ ಸೇಲ್ ಎರಡೂ ದೊಡ್ಡವು. ಆಟವನ್ನು ವಿಶ್‌ಲಿಸ್ಟ್‌ಗೆ ಸೇರಿಸಿದರೆ ಬೆಲೆ ಇಳಿದಾಗ ಮೇಲ್ ಬರುತ್ತದೆ. ಸ್ಟೀಮ್‌ಡಿಬಿಯಲ್ಲಿ ರೂಪಾಯಿಯಲ್ಲೇ ಇದುವರೆಗಿನ ಕನಿಷ್ಠ ಬೆಲೆ ನೋಡಿ. ಈಗಿನ ಬೆಲೆ ಅದರ ಹತ್ತಿರ ಇದ್ದರೆ ಕೊಳ್ಳಿ. ಮೈಕ್ರೋಸಾಫ್ಟ್‌ನ ಪಿಸಿ ಗೇಮ್ ಪಾಸ್ ಇದ್ದವರು ಮೊದಲು ಅಲ್ಲಿ ಹುಡುಕಿ, ಏಜ್ ಆಫ್ ಎಂಪೈರ್ಸ್ ಸರಣಿ ಅಲ್ಲಿ ಸಿಗುತ್ತಾ ಬಂದಿದೆ. ಒಂದು ತಿಂಗಳ ಚಂದಾ ಕಟ್ಟಿ ಎರಡು ಮೂರು ಆಟ ನೋಡಿ, ಹಿಡಿಸಿದ್ದನ್ನು ಮಾತ್ರ ಕೊಳ್ಳುವುದು ಒಳ್ಳೆಯ ದಾರಿ. ಚಂದಾ ಮುಗಿದರೆ ಆಟವೂ ಹೋಗುತ್ತದೆ ಎಂಬುದು ಗೊತ್ತಿರಲಿ.

ಮೊದಲ ಖರೀದಿಯಲ್ಲಿ ಮೂಲ ಆಟ ಮಾತ್ರ ಸಾಕು. ಡಿಎಲ್‌ಸಿ ಇಲ್ಲದಿದ್ದರೂ ಆ ನಾಗರಿಕತೆ ಆರಿಸಿಕೊಂಡ ಎದುರಾಳಿಯ ವಿರುದ್ಧ ನೀವು ಆಡಬಹುದು, ಅವನ್ನು ನೀವು ಆರಿಸಿಕೊಳ್ಳಲಾಗದು ಅಷ್ಟೇ. ಪ್ಯಾಕ್‌ನ ಒಳಗೆ ಏನಿದೆ ಎಂದು ಸಾಲುಸಾಲಾಗಿ ಓದಿ. 2024ರ 'ವಿಕ್ಟರ್ಸ್ ಅಂಡ್ ವ್ಯಾಂಕ್ವಿಶ್ಡ್'ನಲ್ಲಿ ಬಿಡಿ ಸನ್ನಿವೇಶಗಳಿವೆ, ಹೊಸ ನಾಗರಿಕತೆ ಒಂದೂ ಇಲ್ಲ. ಬಂಡಲ್ ಅಗ್ಗವೆಂದು ಒಟ್ಟಿಗೆ ಕೊಂಡರೆ ಮುಂದಿನ ಹಂತದಲ್ಲಿ ಒಂದು ತೊಡಕಿದೆ: ರಿಫಂಡ್ ಬೇಕೆಂದರೆ ಬಂಡಲ್‌ನ ಎಲ್ಲ ಆಟಗಳನ್ನೂ ಆಡಿದ ಸಮಯ ಸೇರಿ ಎರಡು ಗಂಟೆಯೊಳಗಿರಬೇಕು.

ಹಂತ 8: ಎರಡು ಗಂಟೆಯ ಪರೀಕ್ಷೆ

ಸ್ಟೀಮ್‌ನಲ್ಲಿ ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಕೇಳಬಹುದು. ಬೇರೆ ಕಡೆಯಿಂದ ಆಟದ ಕೀ (ಸ್ಟೀಮ್‌ನಲ್ಲಿ ಆಟ ತೆರೆಯುವ ಸಂಕೇತ) ಕೊಂಡವರಿಗೆ ಸ್ಟೀಮ್‌ನ ಈ ಸೌಲಭ್ಯ ಇಲ್ಲ. ಎಷ್ಟೋ ಜನ ಈ ಎರಡು ಗಂಟೆಯನ್ನು ಟ್ಯುಟೋರಿಯಲ್‌ನಲ್ಲೇ ಕಳೆದು, ಅಸಲಿ ಪಂದ್ಯ ಹೇಗಿರುತ್ತದೆಂದು ತಿಳಿಯುವ ಹೊತ್ತಿಗೆ ಗಡುವು ದಾಟಿಸಿಕೊಳ್ಳುತ್ತಾರೆ. ಮೆನುವಿನಲ್ಲಿ ಸುಮ್ಮನೆ ಬಿಟ್ಟು ಊಟಕ್ಕೆ ಹೋದರೂ ಗಡಿಯಾರ ಓಡುತ್ತಲೇ ಇರುತ್ತದೆ. ಎದ್ದು ಹೋಗುವಾಗ ಆಟ ಮುಚ್ಚಿಯೇ ಹೋಗಿ.

ಮೊದಲು ಪೂರ್ತಿ ಇಳಿದಿದೆಯೇ ನೋಡಿ, ಆಮೇಲೆ ತೆರೆಯಿರಿ. ಹೆಚ್ಚಿನ ಗುಣಮಟ್ಟದ ಚಿತ್ರಗಳ ಪುಕ್ಕಟೆ ಪ್ಯಾಕ್ ಈಗ ಬೇಡ, ಜಾಗವೂ ಸಮಯವೂ ವ್ಯರ್ಥ.

ಮೊದಲ 10 ನಿಮಿಷ ಸೆಟ್ಟಿಂಗ್ಸ್. ಅಕ್ಷರ ಓದಲಾಗುವಂತೆ ಇಂಟರ್‌ಫೇಸ್ ಗಾತ್ರ ಹೊಂದಿಸಿ. ಟೌನ್ ಸೆಂಟರ್‌ಗೆ (ಊರಿನ ಮುಖ್ಯ ಕಟ್ಟಡ) ಕೊಂಡೊಯ್ಯುವ ಕೀ ಎಚ್. ಸುಮ್ಮನೆ ನಿಂತ ಹಳ್ಳಿಗನನ್ನು ಹುಡುಕುವ ಕೀ ಯಾವುದೆಂದು ಪಟ್ಟಿಯಲ್ಲಿ ನೋಡಿಟ್ಟುಕೊಳ್ಳಿ. ಆಟದೊಳಗಿನ ಬೆಂಚ್‌ಮಾರ್ಕ್ ಪರೀಕ್ಷೆಯನ್ನು ಒಮ್ಮೆ ಓಡಿಸಿ.

10ರಿಂದ 25ನೇ ನಿಮಿಷದವರೆಗೆ 'ಆರ್ಟ್ ಆಫ್ ವಾರ್' ಎಂಬ ತರಬೇತಿ ಸವಾಲುಗಳಲ್ಲಿ ಆರ್ಥಿಕತೆಯ ಮೊದಲ ಪಾಠ ಆಡಿ. ಕಂಚಿನ ಪದಕವೂ ಸಿಗದಿದ್ದರೆ ಚಿಂತೆಯಿಲ್ಲ. ಪಾಠ ಅರ್ಥವಾದರೆ ಸಾಕು.

25ರಿಂದ 70ನೇ ನಿಮಿಷದವರೆಗಿನದು ಪರೀಕ್ಷೆಯ ಜೀವಾಳ. ಒಬ್ಬರೆದುರು ಒಬ್ಬರ ಪಂದ್ಯ, 'ಅರೇಬಿಯಾ' ನಕ್ಷೆ, ಅತಿ ಚಿಕ್ಕ ಗಾತ್ರ, ಜನಸಂಖ್ಯೆಯ ಮಿತಿ 200, ಎದುರಾಳಿ 'ಮಾಡರೇಟ್'. 'ಈಸಿಯೆಸ್ಟ್' ಇಟ್ಟರೆ ಎದುರಾಳಿ ಏನೂ ಮಾಡದೆ ಆಟ ಸಪ್ಪೆ ಎನಿಸುತ್ತದೆ, 'ಎಕ್ಸ್‌ಟ್ರೀಮ್' ಇಟ್ಟರೆ ಕಲಿಯುವ ಮೊದಲೇ ಊರು ಸುಟ್ಟುಹೋಗುತ್ತದೆ. ನಾಗರಿಕತೆ ಫ್ರಾಂಕ್ಸ್ ಇರಲಿ, ನೇರವಾದ ನಾಗರಿಕತೆ, ಅದರ ಕುದುರೆಗಳು ಗಟ್ಟಿ.

ಕೈಯಲ್ಲಿ 3 ಹಳ್ಳಿಗರು, ಒಬ್ಬ ಸವಾರ, 200 ಆಹಾರ, 200 ಮರ ಇರುತ್ತವೆ. ಒಬ್ಬ ಹಳ್ಳಿಗನಿಗೆ 50 ಆಹಾರ, 25 ಸೆಕೆಂಡು. ನಾಲ್ವರನ್ನು ಒಮ್ಮೆಗೇ ಸರದಿಗೆ ಹಾಕಿ. ಟೌನ್ ಸೆಂಟರ್ ಹಿಡಿಯುವುದು ಐವರನ್ನು ಮಾತ್ರ, ಆಗಲೇ ನಾಲ್ವರಿದ್ದಾರೆ. ಹಾಗಾಗಿ ತಡಮಾಡದೆ 25 ಮರದ ಮನೆ ಕಟ್ಟಿಸಬೇಕು. ಹೊಸಬರ ಪಂದ್ಯ ಮುಗ್ಗರಿಸುವುದು ಇಲ್ಲೇ: ಮನೆ ತಡವಾಗಿ ಹಳ್ಳಿಗರು ಹುಟ್ಟುವುದೇ ನಿಲ್ಲುತ್ತದೆ. ಸವಾರನನ್ನು ಊರ ಸುತ್ತ ಓಡಿಸಿ ಕುರಿ ಹುಡುಕಿ, ಒಂದೊಂದು ಕುರಿ 100 ಆಹಾರ. ಕಾಡುಹಂದಿಯಲ್ಲಿ 340 ಆಹಾರ ಇದೆ, ಆದರೆ ಒಬ್ಬನನ್ನೇ ಕಳಿಸಿ ಮರೆತರೆ ಹಂದಿಯೇ ಅವನನ್ನು ಕೊಲ್ಲುತ್ತದೆ. ಬಾಣ ಬಿಟ್ಟು ಟೌನ್ ಸೆಂಟರ್‌ನತ್ತ ಓಡಿಸಿಕೊಂಡು ಬಂದು ಎಲ್ಲರೂ ಸೇರಿ ಬೀಳಿಸಬೇಕು. ಎರಡನೆಯದಾದ ಫ್ಯೂಡಲ್ ಯುಗಕ್ಕೆ ಏರಲು 500 ಆಹಾರ, ಮೂರನೆಯದಾದ ಕ್ಯಾಸಲ್ ಯುಗಕ್ಕೆ 800 ಆಹಾರ ಮತ್ತು 200 ಚಿನ್ನ ಬೇಕು. ಪರದೆಯ ಗಡಿಯಾರದಲ್ಲಿ 25 ನಿಮಿಷದೊಳಗೆ ಕ್ಯಾಸಲ್ ಯುಗ ಮುಟ್ಟಿದರೆ ಹೊಸಬರಿಗೆ ಚೆನ್ನಾಗಿಯೇ ಆಯಿತು. ಆಟದ ಸಾಮಾನ್ಯ ವೇಗ 1.7 ಪಟ್ಟು. ಆದ್ದರಿಂದ ಆ 25 ನಿಮಿಷ ಗೋಡೆಯ ಗಡಿಯಾರದಲ್ಲಿ 15 ನಿಮಿಷಕ್ಕಿಂತ ಕಡಿಮೆ. ಉಳಿದ ಅರ್ಧ ಗಂಟೆ ಯುದ್ಧಕ್ಕೆ.

ಯುದ್ಧದಲ್ಲಿ ಒಂದು ಪ್ರಯೋಗ ಮಾಡಿ. ಶತ್ರುವಿನ ಕುದುರೆಗಳ ಎದುರು ಈಟಿಯವರನ್ನು, ಬಿಲ್ಲುಗಾರರ ಎದುರು ಎಸೆಯುವ ಈಟಿ ಹಿಡಿದ ಸ್ಕರ್ಮಿಶರ್‌ಗಳನ್ನು ಕಳಿಸಿ ನೋಡಿ. ಸರಿಯಾದ ಪಡೆ ಆರಿಸಿ ಗೆದ್ದಾಗ ಮನಸ್ಸು ಅರಳಿದರೆ ಈ ಆಟ ನಿಮ್ಮದು. ಯುದ್ಧ ನಡೆಯುವಾಗಲೇ ಊರಲ್ಲಿ ಹೊಲ ಬರಿದಾಗಿರುತ್ತದೆ, ಹಳ್ಳಿಗರು ಸುಮ್ಮನೆ ನಿಂತಿರುತ್ತಾರೆ. ಓಡಿ ಬಂದು ಸರಿಪಡಿಸುವಾಗ 'ಇನ್ನೊಂದು ಸಲ ಆಡಿದರೆ ಇದನ್ನು ಮೊದಲೇ ಮಾಡುತ್ತೇನೆ' ಅನಿಸಿತೇ, 'ಈ ರಗಳೆ ಯಾಕೆ ಬೇಕು' ಅನಿಸಿತೇ? ಈ ಪರೀಕ್ಷೆಯಲ್ಲಿ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇಲ್ಲ.

70ರಿಂದ 90ನೇ ನಿಮಿಷ ಯಂತ್ರಕ್ಕೆ. 'ಡೆತ್ ಮ್ಯಾಚ್' ಆರಿಸಿ, ನಾಲ್ವರಿಗೆ ನಾಲ್ವರು, ದೊಡ್ಡ ನಕ್ಷೆ, ಆರಂಭ 'ಪೋಸ್ಟ್ ಇಂಪೀರಿಯಲ್' (ಕೊನೆಯ ಯುಗ, ಸಂಶೋಧನೆಗಳೆಲ್ಲ ಮುಗಿದ ಸ್ಥಿತಿ). 20,000 ಆಹಾರ, 20,000 ಮರ, 10,000 ಚಿನ್ನದೊಂದಿಗೆ ಶುರುವಾಗುವುದರಿಂದ ಕೆಲವೇ ನಿಮಿಷಕ್ಕೆ ದೊಡ್ಡ ದಂಡುಗಳು ಮುಖಾಮುಖಿಯಾಗುತ್ತವೆ. ಆಗ ನಕ್ಷೆ ಸರಿಸಿದರೆ ತಡವರಿಸುತ್ತದೆಯೇ, ಕ್ಲಿಕ್ ಮಾಡಿದ್ದು ತಡವಾಗಿ ನಡೆಯುತ್ತದೆಯೇ, ಲ್ಯಾಪ್‌ಟಾಪ್ ಕೈ ಇಡಲಾಗದಷ್ಟು ಕಾಯುತ್ತದೆಯೇ ನೋಡಿ. ಚಿತ್ರದ ಗುಣಮಟ್ಟ ಇಳಿಸಿಯೂ ಸರಿಹೋಗದಿದ್ದರೆ ತೊಂದರೆ ಪ್ರೊಸೆಸರ್‌ನದು, ಅದಕ್ಕೆ ಸೆಟ್ಟಿಂಗ್ಸ್‌ನಲ್ಲಿ ಮದ್ದಿಲ್ಲ.

ಕೊನೆಗೆ 10 ನಿಮಿಷ ಆನ್‌ಲೈನ್ ಲಾಬಿ. ಎಷ್ಟು ಕೋಣೆ ತೆರೆದಿವೆ, ನಿಮ್ಮ ಪಿಂಗ್ (ನೆಟ್‌ವರ್ಕ್‌ನಲ್ಲಿ ಸಂದೇಶ ಹೋಗಿ ಬರಲು ಹಿಡಿಯುವ ಸಮಯ) ಎಷ್ಟು ನೋಡಿ. 100 ಮಿಲಿಸೆಕೆಂಡಿನೊಳಗೆ ಇದ್ದರೆ ಸಲೀಸು, 200 ದಾಟಿದರೆ ಆಜ್ಞೆ ಕೊಟ್ಟ ಮೇಲೆ ಸೈನಿಕ ಕದಲುವ ಹೊತ್ತಿಗೆ ಅವಕಾಶ ಕೈತಪ್ಪಿರುತ್ತದೆ. 100ನೇ ನಿಮಿಷಕ್ಕೆ ಆಟ ಮುಚ್ಚಿ. ಉಳಿದ 20 ನಿಮಿಷ ಬಳಸಬೇಡಿ.

ಹಂತ 9: ಇಟ್ಟುಕೊಳ್ಳುವುದೋ, ಹಿಂತಿರುಗಿಸುವುದೋ

ಒಂದು ರಾತ್ರಿ ಬಿಟ್ಟು ತೀರ್ಮಾನಿಸಿ, 14 ದಿನ ಕೈಯಲ್ಲಿದೆ. ಮರುದಿನ ಕೆಲಸದ ನಡುವೆ ಆ ಪಂದ್ಯದಲ್ಲಿ ಮಾಡಿದ ಎಡವಟ್ಟು ನೆನಪಾಗಿ ಹೀಗೆ ಮಾಡಬಹುದಿತ್ತಲ್ಲ ಅನಿಸುತ್ತಿದ್ದರೆ ಇಟ್ಟುಕೊಳ್ಳಿ. ಸೋತದ್ದು ಹಿಂತಿರುಗಿಸಲು ಕಾರಣವಲ್ಲ. ಯಂತ್ರ ತೊದಲಿದ್ದು, ಮೊದಲ ಹತ್ತು ನಿಮಿಷದ ಕೆಲಸ ಬೇಸರ ತಂದದ್ದು, ಜೊತೆಗೆ ಆಡುವವರು ಸಿಗದಿದ್ದದ್ದು, ಇವು ಕಾರಣ. ರಿಫಂಡ್‌ಗೆ ಸ್ಟೀಮ್ ಸಪೋರ್ಟ್ ಪುಟದಲ್ಲಿ ನಿಮ್ಮ ಖರೀದಿಗಳ ಪಟ್ಟಿ ತೆರೆದು, ಆಟ ಆರಿಸಿ, ರಿಫಂಡ್ ಬೇಕೆಂದು ಕೇಳಿ. ಒಪ್ಪಿದ ಮೇಲೆ ವಾರದೊಳಗೆ ಹಣ ಬರುತ್ತದೆ. ದುಡ್ಡು ಕಟ್ಟಿದ ಖಾತೆಗೆ ಬೇಕೋ, ಸ್ಟೀಮ್ ವಾಲೆಟ್‌ಗೆ ಬೇಕೋ ಎಂಬುದನ್ನು ಅಲ್ಲೇ ಆರಿಸಬೇಕು. ಕೊಂಡ ಮರುವಾರವೇ ಸೇಲ್ ಬಂದರೆ ಹಿಂತಿರುಗಿಸಿ ಕಡಿಮೆ ಬೆಲೆಗೆ ಮತ್ತೆ ಕೊಳ್ಳುವುದಕ್ಕೂ ನಿಯಮ ಅಡ್ಡಿ ಮಾಡುವುದಿಲ್ಲ, ಮೇಲಿನ ಎರಡು ಮಿತಿಯೊಳಗಿದ್ದರೆ ಸರಿ.

ಇಟ್ಟುಕೊಂಡವರು ಮೊದಲು ವಿಲಿಯಂ ವಾಲೇಸ್ ಕ್ಯಾಂಪೇನ್ ಮುಗಿಸಿ, ಅದು ಕಲಿಯುವವರಿಗೆಂದೇ ಮಾಡಿದ್ದು. ಆಮೇಲೆ ಮಾಡರೇಟ್ ಎದುರಾಳಿಯನ್ನು ಸತತ ಮೂರು ಸಲ ಸೋಲಿಸುವವರೆಗೆ ಯಾವ ಡಿಎಲ್‌ಸಿಯೂ ಬೇಡ. ಆಗ ಡೈನಾಸ್ಟೀಸ್ ಆಫ್ ಇಂಡಿಯಾ ಕೊಳ್ಳಬಹುದು. ಡಿಎಲ್‌ಸಿಗೂ 14 ದಿನದ ನಿಯಮವೇ. ಆದರೆ ಅದನ್ನು ಕೊಂಡ ಮೇಲೆ ಮೂಲ ಆಟವನ್ನು ಎರಡು ಗಂಟೆಗಿಂತ ಕಡಿಮೆ ಆಡಿರಬೇಕು. ಅದಕ್ಕೆ ಕೊಂಡ ದಿನ ಬೇರೆ ಏನನ್ನೂ ಆಡದೆ ನೇರವಾಗಿ ರಾಜೇಂದ್ರನ ಮೊದಲ ಸನ್ನಿವೇಶಕ್ಕೆ ಹೋಗಿ.